ಕ್ರಿಮಿ ಸಾಯ್ಬೇಕಾ, ಅಂಟ್ಕೊಳ್ದೇ ಇದ್ರೆ ಸಾಕಾ? ಸೋಪು, ಕ್ವಾಟ್, ಬಯೋಸರ್ಫ್ಯಾಕ್ಟೆಂಟ್: ಎಲ್ಲಿಗೆ ಯಾವುದು

ಬಾಟಲಿ ಮೇಲೆ 99.9% ಅಂತ ದೊಡ್ಡಕ್ಷರದಲ್ಲಿ ಬರೆದಿರೋದನ್ನ ನೋಡಿ ಯಾವ್ದೋ ಒಂದು ತಗೊಂಡ್ ಬಂದು ನೆಲಕ್ಕೂ ಅದೇ, ಅಡುಗೆಮನೆ ಕಟ್ಟೆಗೂ ಅದೇ, ಬಚ್ಚಲಿಗೂ ಅದೇ ಅಂತ ಹಾಕೋರು ತುಂಬಾ ಜನ ಇದಾರೆ. ತಪ್ಪು ಅಂತಲ್ಲ, ಆದ್ರೆ ಅರ್ಧ ದುಡ್ಡು ಚರಂಡಿಗೆ ಹೋಗುತ್ತೆ. ಯಾಕಂದ್ರೆ ಈ ವಸ್ತುಗಳು ಮಾಡೋ ಕೆಲ್ಸ ಎರಡು ತರ. ಒಂದು, ಇರೋ ಬ್ಯಾಕ್ಟೀರಿಯಾನ ಸಾಯ್ಸೋದು. ಇನ್ನೊಂದು, ಅವು ಮೇಲ್ಮೈಗೆ ಅಂಟ್ಕೊಳ್ದೇ ಇರೋ ಹಂಗೆ ನೋಡ್ಕೊಳೋದು, ಅಂಟ್ಕೊಂಡಿದ್ರೆ ಬಿಡ್ಸೋದು. ಎರಡನ್ನೂ ಒಂದೇ ವಸ್ತು ಚೆನ್ನಾಗಿ ಮಾಡೋದು ಬಹಳ ಅಪರೂಪ. ಅಂಗಡೀಲಿ ಮಾರೋದು ಮೊದಲನೇ ಕೆಲ್ಸ, ಮನೇಲಿ ನಮಗೆ ಹೆಚ್ಚಿನ ಸಲ ಬೇಕಾಗಿರೋದು ಎರಡನೇದು. ಇದನ್ನ ತಲೇಲಿಟ್ಕೊಂಡು ಮುಂದೆ ಓದಿ.

ಸರ್ಫ್ಯಾಕ್ಟೆಂಟ್ ಅಂದ್ರೆ ಏನು ಅನ್ನೋದನ್ನ ಬೇಗ ಮುಗಿಸ್ಬಿಡೋಣ. ಒಂದು ಅಣು, ಅದಕ್ಕೆ ನೀರು ಇಷ್ಟಪಡೋ ತಲೆ, ಎಣ್ಣೆ ಇಷ್ಟಪಡೋ ಉದ್ದ ಬಾಲ. ತಲೆ ಮೇಲೆ ಯಾವ ಚಾರ್ಜ್ ಇದೆ ಅನ್ನೋದ್ರ ಮೇಲೆ ಜಾತಿ ಬೇರೆ ಆಗುತ್ತೆ. ನೆಗೆಟಿವ್ ಇದ್ರೆ ಸೋಪು, ಪಾತ್ರೆ ತೊಳೆಯೋ ಲಿಕ್ವಿಡ್, ಶಾಂಪೂ, ಟೂತ್‌ಪೇಸ್ಟಿನ ನೊರೆ ಕೊಡೋ ಸೋಡಿಯಂ ಲಾರಿಲ್ ಸಲ್ಫೇಟ್ ಇವೆಲ್ಲ. ಪಾಸಿಟಿವ್ ಇದ್ರೆ ಕ್ವಾಟರ್ನರಿ ಅಮೋನಿಯಂ, ಲ್ಯಾಬಿನವರ ಬಾಯಲ್ಲಿ ಕ್ವಾಟ್. ಚಾರ್ಜೇ ಇಲ್ಲದ ನಾನ್‌ಅಯಾನಿಕ್ ಒಂದು ಗುಂಪು, ಎರಡೂ ಚಾರ್ಜ್ ಇರೋ ಆಂಫೋಟೆರಿಕ್ ಇನ್ನೊಂದು ಗುಂಪು. ಬ್ಯಾಕ್ಟೀರಿಯಾದ ಮೈ ಮಾತ್ರ ಸಾಮಾನ್ಯವಾಗಿ ನೆಗೆಟಿವ್, ಅದು ಬಹಳ ಮುಖ್ಯ, ಮುಂದೆ ಬರೋದೆಲ್ಲ ಇದ್ರ ಮೇಲೇ ನಿಂತಿದೆ.

ಆಯ್ಕೆ ಮಾಡೋಕೆ ಮುಂಚೆ ಈ 99.9% ಲೆಕ್ಕಾನೂ ಸ್ವಲ್ಪ ನೋಡಿ. ಹತ್ತು ಲಕ್ಷ ಬ್ಯಾಕ್ಟೀರಿಯಾ ಇದ್ರೆ 99.9% ಸತ್ತ ಮೇಲೂ ಒಂದು ಸಾವಿರ ಉಳೀತವೆ. ತೇವ, ಬೆಚ್ಚಗಿನ ಜಾಗ, ಊಟದ ಚೂರು ಸಿಕ್ರೆ ಇ.ಕೋಲಿ ತರದ್ದು 20 ನಿಮಿಷಕ್ಕೆ ಒಂದು ಎರಡಾಗುತ್ತೆ, ಅಂದ್ರೆ ಮೂರೂವರೆ ಗಂಟೆ ಒಳಗೆ ಮತ್ತೆ ಹತ್ತು ಲಕ್ಷ. ಯುರೋಪಿನಲ್ಲಿ ಆಹಾರ ಕಾರ್ಖಾನೆಗೆ ಅಂತ ಮಾರೋ ಡಿಸ್‌ಇನ್ಫೆಕ್ಟೆಂಟ್‌ಗಳಿಗೆ ಇಎನ್ 1276 ಅಂತ ಒಂದು ಟೆಸ್ಟ್ ಇದೆ, ಅದ್ರಲ್ಲಿ ಪಾಸಾಗ್ಬೇಕಂದ್ರೆ 99.999% ಸಾಯ್ಬೇಕು. ಅಷ್ಟಾದ್ರೂ ಅದು ನೀರಲ್ಲಿ ತೇಲ್ತಾ ಇರೋ ಬ್ಯಾಕ್ಟೀರಿಯಾ ಮೇಲಿನ ಟೆಸ್ಟು. ಸಿಂಕಿನ ಪೈಪಲ್ಲಿ, ಹಾಲಿನ ಕ್ಯಾನಿನ ಮುಚ್ಚಳದ ರಬ್ಬರ್ ಸಂದೀಲಿ ಕೂತಿರೋ ಬ್ಯಾಕ್ಟೀರಿಯಾ ತೇಲ್ತಾ ಇರಲ್ಲ ಅಲ್ವಾ.

ಅಲ್ಲಿ ಇರೋದು ಬಯೋಫಿಲ್ಮ್. ಮೊದಲು ಮೇಲ್ಮೈ ಮೇಲೆ ಪ್ರೋಟೀನ್, ಕೊಬ್ಬು ಇವುಗಳ ತೆಳು ಪದರ ಕೂರುತ್ತೆ, ಅದ್ರ ಮೇಲೆ ಒಂದೊಂದೇ ಬ್ಯಾಕ್ಟೀರಿಯಾ ಬಂದು ಸಡಿಲವಾಗಿ ತಗಲಾಕೊಳ್ಳುತ್ತೆ, ಆ ಹೊತ್ತಲ್ಲಿ ನೀರು ಬಿಟ್ರೂ ಹೋಗ್ಬಿಡಬಹುದು. ತೊಳೀದೇ ಹಂಗೇ ಬಿಟ್ರೆ ಮಾತ್ರ ಗಟ್ಟಿಯಾಗಿ ಅಂಟಿ, ಸಕ್ಕರೆ ಸರಪಳಿ, ಪ್ರೋಟೀನು, ಡಿಎನ್ಎ ಎಲ್ಲಾ ಸೇರಿದ ಲೋಳೆ ಬಿಟ್ಟು, ಅದ್ರೊಳಗೆ ಸಂಸಾರ ಹೂಡುತ್ತೆ. ಕೈಯಿಟ್ರೆ ಜಾರುತ್ತಲ್ಲ ಆ ಲೋಳೆ. ಒಳಗೆ ಕೂತಿರೋ ಬ್ಯಾಕ್ಟೀರಿಯಾಗೆ ತೇಲೋದಕ್ಕಿಂತ ನೂರು, ಕೆಲವು ಸಲ ಸಾವಿರ ಪಟ್ಟು ಜಾಸ್ತಿ ಔಷಧಿ ಬೇಕಾಗುತ್ತೆ. 1978ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಬಿಲ್ ಕಾಸ್ಟರ್ಟನ್ ಮತ್ತು ಜೊತೆಗಾರರು ಬ್ಯಾಕ್ಟೀರಿಯಾ ಹೆಂಗೆ ಅಂಟುತ್ತೆ ಅಂತ ಬರೆದ ಮೇಲೆ ಈ ವಿಷಯಕ್ಕೆ ಲ್ಯಾಬುಗಳು ಸೀರಿಯಸ್ಸಾಗಿ ತಲೆ ಕೆಡಿಸ್ಕೊಂಡಿದ್ದು, ಅಲ್ಲೀವರೆಗೂ ಹೆಚ್ಚಿನ ಟೆಸ್ಟೆಲ್ಲ ತೇಲೋದ್ರ ಮೇಲೇನೇ.

ಸೋಪು: ಕಮ್ಮಿ ಅಂದ್ಕೊಂಡಿರೋ ಆಯ್ಕೆ

ಸೋಪು ಬ್ಯಾಕ್ಟೀರಿಯಾನ ಸಾಯ್ಸೋದ್ರಲ್ಲಿ ಅಂಥಾ ಗಟ್ಟಿ ಅಲ್ಲ. ತಲೇನೂ ನೆಗೆಟಿವ್, ಬ್ಯಾಕ್ಟೀರಿಯಾ ಮೈನೂ ನೆಗೆಟಿವ್, ಹತ್ರ ಹೋಗೋಕೇ ಕಷ್ಟ. ಆದ್ರೆ ಬಿಡ್ಸೋದ್ರಲ್ಲಿ ಅದನ್ನ ಹೊಡೆಯೋರಿಲ್ಲ. ಅಂಟಿಗೆ ಆಧಾರವಾಗಿರೋ ಕೊಬ್ಬು, ಪ್ರೋಟೀನ್ ಪದರಾನೇ ಎಬ್ಬಿಸಿಬಿಡುತ್ತೆ, ಉಜ್ಜಿ ನೀರು ಬಿಟ್ರೆ ಬ್ಯಾಕ್ಟೀರಿಯಾ ಜೀವಂತವಾಗೇ ಚರಂಡಿಗೆ. ಸತ್ರೇನು ಬದುಕಿದ್ರೇನು, ನಮ್ಮ ಕೈ ಮೇಲಿಲ್ಲ ಅಷ್ಟೇ. ಕೊಬ್ಬಿನ ಹೊದಿಕೆ ಇರೋ ವೈರಸ್‌ಗಳ ವಿಷಯದಲ್ಲಿ ಮಾತ್ರ ಸೋಪು ನೇರವಾಗಿ ಕೊಲ್ಲುತ್ತೆ, ಹೊದಿಕೇನೇ ಕರಗ್ಸಿಬಿಡುತ್ತೆ, ಕೊರೊನಾ ಟೈಮಲ್ಲಿ ಎಲ್ಲರೂ ಕೇಳಿದ ವಿಷಯ ಇದು. ಆದ್ರೆ ಜನ ಮರೆಯೋದು ರೇಬೀಸ್. ಅದೂ ಹೊದಿಕೆ ಇರೋ ವೈರಸ್ಸೇ. ನಾಯಿ ಕಚ್ಚಿದ ತಕ್ಷಣ ಗಾಯಾನ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಅದಕ್ಕೇನೇ, ಅರಿಶಿನ ಸುಣ್ಣ ಮೆತ್ತೋದಲ್ಲ, ತೊಳೆದು ಆಮೇಲೆ ಲಸಿಕೆಗೆ ಓಡ್ಬೇಕು, ತೊಳೆದ್ವಲ್ಲ ಅಂತ ಲಸಿಕೆ ಬಿಡೋ ಹಂಗಿಲ್ಲ.

ಸೋಪಿನ ದೊಡ್ಡ ವೈರಿ ನಮ್ಮ ಬೋರ್ ನೀರು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದೇ ಇರೋ ಬಿಳಿ ಗಸಿ ಆಗುತ್ತೆ, ಬಕೆಟ್ ಅಂಚಲ್ಲಿ, ಬಚ್ಚಲು ಟೈಲ್ಸ್ ಮೇಲೆ ಅಂಟಿ ಕೂರುತ್ತೆ. ತಮಾಷೆ ಅಂದ್ರೆ ತೊಳೆಯೋಕೆ ಹಾಕಿದ ಸೋಪೇ ಆಮೇಲೆ ಬ್ಯಾಕ್ಟೀರಿಯಾ ಅಂಟೋಕೆ ಹಾಸಿಗೆ ಆಗುತ್ತೆ. ಬಚ್ಚಲ ಮೂಲೇಲಿ, ಮಗ್ಗಿನ ತಳದಲ್ಲಿ ಗುಲಾಬಿ ಬಣ್ಣದ ಲೋಳೆ ನೋಡಿರ್ತೀರಲ್ಲ, ಅದು ಬಹಳ ಸಲ ಸೆರೇಷಿಯಾ ಮಾರ್ಸೆಸೆನ್ಸ್ ಅನ್ನೋ ಬ್ಯಾಕ್ಟೀರಿಯಾ, ಸೋಪಿನ ಗಸೀಲಿರೋ ಕೊಬ್ಬೇ ಅದಕ್ಕೆ ಊಟ. ಇದಕ್ಕೆ ಇನ್ನೊಂದು ಸುತ್ತು ಸೋಪು ಹಾಕಿ ಪ್ರಯೋಜನ ಇಲ್ಲ. ಗಡಸು ನೀರಿನ ಮನೇಲಿ ಬಾರ್ ಸೋಪಿಗಿಂತ ಲಿಕ್ವಿಡ್ ಡಿಟರ್ಜೆಂಟ್ ಉತ್ತಮ, ಅದು ಗಸಿ ಆಗೋದು ಬಹಳ ಕಮ್ಮಿ.

ಅಂಟುವಾಳ, ಸೀಗೆಕಾಯಿ ಬಗ್ಗೆನೂ ಕೇಳ್ತಾರೆ. ಎರಡರಲ್ಲೂ ಇರೋದು ಸಪೋನಿನ್, ಚಾರ್ಜ್ ಹೆಚ್ಚು ಇಲ್ಲದ ಮೃದು ಸರ್ಫ್ಯಾಕ್ಟೆಂಟ್. ಜಿಡ್ಡು ಬಿಡ್ಸೋಕೆ ಚೆನ್ನಾಗಿದೆ, ಫಂಗಸ್‌ನ ಪೊರೇಲಿರೋ ಸ್ಟೆರಾಲ್ ಅನ್ನೋ ಕೊಬ್ಬಿನ ಜೊತೆ ಸೇರ್ಕೊಳ್ಳೋದ್ರಿಂದ ಸ್ವಲ್ಪ ಫಂಗಸ್ ವಿರುದ್ಧಾನೂ ಕೆಲ್ಸ ಮಾಡುತ್ತೆ. ಬೆಳ್ಳಿ ಸಾಮಾನು, ರೇಷ್ಮೆ ಸೀರೆ, ತಲೆಗೂದಲು ಇವಕ್ಕೆ ಕಣ್ಮುಚ್ಚಿ ಬಳಸಿ. ಆದ್ರೆ ಮಾಂಸ ಕತ್ತರಿಸಿದ ಮಣೆಗೆ ಅಂಟುವಾಳದ ನೀರು ಸಾಕು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ಕ್ವಾಟ್: ಕೊಲ್ಲೋದ್ರಲ್ಲಿ ರಾಜ, ಆದ್ರೆ ಬಹಳ ನಾಜೂಕು

ಬೆಂಜಾಲ್ಕೋನಿಯಂ ಕ್ಲೋರೈಡ್, ಸೆಟ್ರಿಮೈಡ್, ಡಿಡಿಎಸಿ ಇವೆಲ್ಲ ಈ ಮನೆತನ. ಬೆಂಜಾಲ್ಕೋನಿಯಂ ಕ್ರಿಮಿನಾಶಕ ಅಂತ 1935ರಲ್ಲಿ ಜಗತ್ತಿಗೆ ತೋರಿಸಿದ್ದು ಜರ್ಮನಿಯ ಗೆರ್‌ಹಾರ್ಡ್ ಡೊಮಾಕ್, ಸಲ್ಫಾ ಔಷಧಿಗೆ 1939ರ ನೊಬೆಲ್ ಬಂತಲ್ಲ ಅದೇ ಮನುಷ್ಯ. ಫ್ಲೋರ್ ಕ್ಲೀನರ್‌ಗಳ ಲೇಬಲ್ ತಿರುಗಿಸಿ ನೋಡಿ, ಲೈಜಾಲ್ ತರದವುಗಳಲ್ಲಿ ಬೆಂಜಾಲ್ಕೋನಿಯಂ ಕಾಣ್ಸುತ್ತೆ. ಸ್ಯಾವ್ಲಾನ್ ಲಿಕ್ವಿಡ್‌ನಲ್ಲಿ ಸೆಟ್ರಿಮೈಡ್ ಜೊತೆ ಕ್ಲೋರ್‌ಹೆಕ್ಸಿಡಿನ್. ಕೋಳಿ ಫಾರಂ, ಸಿಗಡಿ ಕೊಳದವರು ತರೋ ಬಿಕೆಸಿ 50%, ಬಿಕೆಸಿ 80% ಡಬ್ಬ ಕೂಡ ಇದೇ ಬೆಂಜಾಲ್ಕೋನಿಯಂ.

ಕೆಲ್ಸ ಹೆಂಗೆ ಅಂದ್ರೆ, ಪಾಸಿಟಿವ್ ತಲೆ ನೆಗೆಟಿವ್ ಮೈಗೆ ತಾನಾಗೇ ಹೋಗಿ ಅಂಟುತ್ತೆ, ಉದ್ದ ಬಾಲ ಪೊರೆಯೊಳಗೆ ನುಗ್ಗುತ್ತೆ, ಪೊರೆ ಹದಗೆಟ್ಟು ಮೊದಲು ಪೊಟ್ಯಾಸಿಯಂ ಸೋರುತ್ತೆ, ಆಮೇಲೆ ಒಳಗಿರೋ ದೊಡ್ಡ ದೊಡ್ಡದೆಲ್ಲ ಹೊರಗೆ, ಅಷ್ಟಕ್ಕೇ ಕತೆ ಮುಗೀತು. ಬಾಲದ ಉದ್ದಾನೂ ಲೆಕ್ಕಕ್ಕಿದೆ. 12ರಿಂದ 14 ಕಾರ್ಬನ್ ಇದ್ರೆ ಗ್ರಾಂ ಪಾಸಿಟಿವ್ ಮತ್ತು ಯೀಸ್ಟ್ ಮೇಲೆ ಚೆನ್ನಾಗಿ, 14ರಿಂದ 16 ಇದ್ರೆ ಗ್ರಾಂ ನೆಗೆಟಿವ್ ಮೇಲೆ. ಇಲ್ಲಿ ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್ ಅಂದ್ರೆ ಚಾರ್ಜ್ ಅಲ್ಲ, ಬ್ಯಾಕ್ಟೀರಿಯಾದ ಎರಡು ಗುಂಪಿನ ಹೆಸರು, ಎರಡನೇದಕ್ಕೆ ಹೊರಗೆ ಇನ್ನೊಂದು ಪೊರೆ ಇರುತ್ತೆ. ಅದಕ್ಕೇ ಮಾರೋ ಬೆಂಜಾಲ್ಕೋನಿಯಂ ಒಂದೇ ಅಣು ಅಲ್ಲ, ಬೇರೆ ಬೇರೆ ಉದ್ದದ ಬಾಲಗಳ ಮಿಶ್ರಣ.

ಇಷ್ಟು ಒಳ್ಳೇದಾದ್ರೆ ಎಲ್ಲಾ ಕಡೆ ಇದನ್ನೇ ಯಾಕೆ ಹಾಕ್ಬಾರ್ದು? ಕಾರಣ ಬಹಳ ಇವೆ, ಒಂದೊಂದಾಗಿ ಹೇಳ್ತೀನಿ, ಈ ಭಾಗ ಸ್ವಲ್ಪ ಉದ್ದ ಆಗುತ್ತೆ ಆದ್ರೆ ಹೆಚ್ಚಿನವರು ಎಡವೋದು ಇಲ್ಲೇ.

ಮೊದಲನೇದು, ಸೋಪು ಮತ್ತೆ ಕ್ವಾಟ್ ಒಂದಕ್ಕೊಂದು ಆಗಲ್ಲ. ನೆಗೆಟಿವ್ ಪಾಸಿಟಿವ್ ಎರಡೂ ಸೇರಿ ಗಟ್ಟಿ ಜೋಡಿ ಆಗಿ ಇಬ್ಬರೂ ನಿಷ್ಪ್ರಯೋಜಕ. ಬಕೆಟ್ಟಿಗೆ ಒಂದು ಮುಚ್ಚಳ ಫ್ಲೋರ್ ಕ್ಲೀನರ್, ಜೊತೆಗೆ ನೊರೆ ಬರ್ಲಿ ಅಂತ ಒಂದು ಚಿಟಿಕೆ ಡಿಟರ್ಜೆಂಟ್ ಪುಡಿ ಹಾಕೋ ಅಭ್ಯಾಸ ಬಹಳ ಮನೇಲಿದೆ. ನೊರೆ ಬರುತ್ತೆ, ವಾಸನೆನೂ ಘಮ್ ಅನ್ನುತ್ತೆ, ಕೊಲ್ಲೋ ಶಕ್ತಿ ಮಾತ್ರ ಢಮಾರ್. ಡೆಟಾಲ್ ಲಿಕ್ವಿಡ್‌ನಲ್ಲಿ ಕೊಲ್ಲೋದು ಕ್ಲೋರೋಕ್ಸಿಲೆನಾಲ್, 4.8%, ಅದು ಕ್ವಾಟ್ ಅಲ್ಲ, ಅದನ್ನ ನೀರಲ್ಲಿ ಕರಗ್ಸಿಡೋಕೆ ಹರಳೆಣ್ಣೆ ಸೋಪು ಇರುತ್ತೆ. ಹಂಗಾಗಿ ಡೆಟಾಲ್ ಮತ್ತೆ ಸ್ಯಾವ್ಲಾನ್ ಎರಡೂ ಸೇರಿಸಿದ್ರೆ ಡಬಲ್ ಪವರ್ ಅಂದ್ಕೊಂಡ್ರೆ ಕೆಮಿಸ್ಟ್ರಿ ಒಪ್ಪಲ್ಲ. ಒಂದಾದ ಮೇಲೆ ಒಂದು ಬಳಸ್ಬೇಕಂದ್ರೆ ಮಧ್ಯೆ ಚೆನ್ನಾಗಿ ನೀರಲ್ಲಿ ಜಾಲಿಸ್ಬೇಕು.

ಆಮೇಲೆ ಕೊಳೆ. ಹಾಲು, ರಕ್ತ, ಹಿಟ್ಟು, ಮಣ್ಣು ಏನೇ ಇರ್ಲಿ, ಅವುಗಳ ಮೇಲೂ ನೆಗೆಟಿವ್ ಚಾರ್ಜ್ ಇರುತ್ತೆ, ಕ್ವಾಟ್ ಹೋಗಿ ಅವಕ್ಕೇ ಅಂಟಿ ಖರ್ಚಾಗುತ್ತೆ. ಗಡಸು ನೀರಲ್ಲೂ ಬೆಂಜಾಲ್ಕೋನಿಯಂ ಬಲ ತಗ್ಗುತ್ತೆ. ಡಿಡಿಎಸಿ ಅಂದ್ರೆ ಎರಡು ಬಾಲ ಇರೋ ಹೊಸ ತಲೆಮಾರಿನ ಕ್ವಾಟ್, ಅದು ಗಡಸು ನೀರು, ಕೊಳೆ ಎರಡನ್ನೂ ಜಾಸ್ತಿ ತಡ್ಕೊಳ್ಳುತ್ತೆ, ಬೋರ್ ನೀರಿರೋ ಫಾರಂನವರು ಲೇಬಲ್‌ನಲ್ಲಿ ಅದನ್ನ ಹುಡುಕೋದು ವಾಸಿ.

ಬಟ್ಟೆ ವಿಷಯ ಕೇಳಿದ್ರೆ ಆಶ್ಚರ್ಯ ಆಗ್ಬಹುದು. ಹತ್ತಿ ಬಟ್ಟೆ ಕ್ವಾಟನ್ನ ಹೀರಿ ಹಿಡಿದಿಟ್ಕೊಳ್ಳುತ್ತೆ. ಹತ್ತಿ ಮಾಪನ್ನ ಬಕೆಟ್ಟಲ್ಲಿ ಅದ್ದಿಟ್ರೆ ನೆಲಕ್ಕೆ ಬರೋ ನೀರಲ್ಲಿ ಲೇಬಲ್ ಹೇಳಿದಷ್ಟು ಔಷಧಿ ಇರಲ್ಲ. ಪಾಲಿಯೆಸ್ಟರ್ ಬಟ್ಟೆ ಬಳಸಿ, ಇಲ್ಲಾಂದ್ರೆ ನೇರವಾಗಿ ನೆಲದ ಮೇಲೆ ಚಿಮುಕ್ಸಿ ಒರೆಸಿ. ಹೋಟೆಲ್ ಕಿಚನ್ ನಡೆಸೋರಿಗೆ ಕ್ವಾಟ್ ಟೆಸ್ಟ್ ಸ್ಟ್ರಿಪ್ ಸಿಗುತ್ತೆ, ಬಕೆಟ್ಟಲ್ಲಿ ಎಷ್ಟು ಉಳಿದಿದೆ ಅಂತ ಬಣ್ಣ ನೋಡಿ ಹೇಳಬಹುದು.

ಟೈಮು. ಲೇಬಲ್‌ನಲ್ಲಿ 5 ನಿಮಿಷ, 10 ನಿಮಿಷ ಅಂತ ಬರೆದಿದ್ರೆ ಅಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿರ್ಬೇಕು. ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಹಾಕ್ಕೊಂಡು ಒರೆಸಿದ್ರೆ ಎರಡು ನಿಮಿಷಕ್ಕೆ ಒಣಗೋಗುತ್ತೆ, ಅಲ್ಲಿಗೆ ಆಟ ಮುಗೀತು.

ಇನ್ನು ಯಾವುದನ್ನ ಕೊಲ್ಲಲ್ಲ ಅನ್ನೋದು. ಬ್ಯಾಕ್ಟೀರಿಯಾ ಬೀಜಾಣುಗಳನ್ನ ಕೊಲ್ಲಲ್ಲ, ಟಿಬಿ ಜಾತಿಯ ಮೇಣದ ಮೈ ಬ್ಯಾಕ್ಟೀರಿಯಾಗೆ ಬರೀ ಕ್ವಾಟ್ ನಂಬೋ ಹಂಗಿಲ್ಲ, ಹೊದಿಕೆ ಇಲ್ಲದ ವೈರಸ್, ಉದಾಹರಣೆಗೆ ವಾಂತಿ ಭೇದಿ ತರೋ ನೋರೋವೈರಸ್, ಅದ್ರ ಮೇಲೆ ಕೈಲಾಗಲ್ಲ. ಸ್ಯೂಡೋಮೋನಾಸ್, ಸೆರೇಷಿಯಾ ತರದ ಕೆಲವು ಬ್ಯಾಕ್ಟೀರಿಯಾ ತೆಳುವಾದ ಬೆಂಜಾಲ್ಕೋನಿಯಂ ದ್ರಾವಣದಲ್ಲೇ ಬದುಕಿ, ಆಸ್ಪತ್ರೆಗಳಲ್ಲಿ ಅದೇ ದ್ರಾವಣದಲ್ಲಿ ನೆನೆಸಿದ ಹತ್ತಿ ಉಂಡೆಯಿಂದ ಸೋಂಕು ಹರಡಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಬೇಕಾದಷ್ಟಿವೆ. ಕ್ವಾಟನ್ನ ಹೊರಗೆ ಪಂಪ್ ಮಾಡೋ ಕ್ಯೂಎಸಿ ಜೀನ್‌ಗಳು ಸ್ಟ್ಯಾಫಿಲೋಕಾಕಸ್‌ನಲ್ಲಿ ಸಿಗ್ತವೆ, ಕೆಲವು ಸಲ ಆಂಟಿಬಯೋಟಿಕ್ ನಿರೋಧಕ ಜೀನ್‌ಗಳ ಜೊತೇಲೇ ಒಂದೇ ಡಿಎನ್ಎ ತುಂಡಲ್ಲಿ. ಇನ್ನೂ ಕೆಟ್ಟದ್ದು, ಸಾಯ್ಸೋಕೆ ಸಾಲದಷ್ಟು ಕಮ್ಮಿ ಡೋಸ್ ಸಿಕ್ಕಾಗ ಕೆಲವು ತಳಿಗಳು ಹೆದರಿಕೊಂಡು ಲೋಳೆ ಇನ್ನೂ ಜಾಸ್ತಿ ಕಟ್ಟಿದ್ದು ಪ್ರಯೋಗಗಳಲ್ಲಿ ಕಂಡಿದೆ. ಅರ್ಧ ಮುಚ್ಚಳ ಹಾಕಿ ಉಳಿಸೋ ಬದ್ಲು ಹಾಕ್ದೇನೇ ಇರೋದು ಒಳ್ಳೇದು.

ಬೆಕ್ಕು ಇರೋ ಮನೆಯವರಿಗೆ ಒಂದು ಮಾತು: ಕ್ವಾಟ್ ಹಾಕಿದ ನೆಲದ ಮೇಲೆ ಓಡಾಡಿ ಕಾಲು ನೆಕ್ಕಿದ್ರೆ ಬಾಯಲ್ಲಿ ಹುಣ್ಣಾಗುತ್ತೆ, ಬೆಕ್ಕಿಗೆ ಇದು ವಿಷಾನೇ. ಒಣಗೋವರೆಗೂ ಬೇರೆ ರೂಮಲ್ಲಿ ಬಿಡಿ, ಒಣಗಿದ ಮೇಲೆ ಬರೀ ನೀರಲ್ಲಿ ಇನ್ನೊಂದು ಸಲ ಒರೆಸಿ. ಮೀನಿನ ತೊಟ್ಟಿ ಹತ್ರಾನೂ ಬೇಡ.

ಫಿನಾಯಿಲ್ ಕತೆ ಬೇರೆ. ಬಿಳೀದು ಪೈನ್ ಎಣ್ಣೆ ಬೆರೆಸಿದ್ದು, ಕರೀದು ಕಲ್ಲಿದ್ದಲ ಟಾರಿನಿಂದ ಬಂದದ್ದು, ಎರಡರಲ್ಲೂ ಸರ್ಫ್ಯಾಕ್ಟೆಂಟ್ ಇರೋದು ಎಣ್ಣೇನ ನೀರಲ್ಲಿ ಬೆರೆಸೋಕೆ ಮಾತ್ರ, ಕೊಲ್ಲೋಕಲ್ಲ. ಐಎಸ್ 1061 ಅನ್ನೋ ಭಾರತೀಯ ಮಾನಕದ ಗುರುತು ಇದ್ರೆ ಪರವಾಗಿಲ್ಲ. ರಸ್ತೆ ಬದಿ ಕ್ಯಾನಲ್ಲಿ ತಂದು ಲೀಟರ್ ಲೆಕ್ಕದಲ್ಲಿ ಮಾರೋದ್ರಲ್ಲಿ ವಾಸನೆ ಬಿಟ್ರೆ ಏನಿದೆ ಅಂತ ಹೇಳೋರು ಯಾರೂ ಇಲ್ಲ.

ತೆಂಗಿನೆಣ್ಣೆ ಕಡೆಯ ಸಂಬಂಧಿಕರು

ತಿಪಟೂರಿನ ಕೊಬ್ಬರಿ ಎಣ್ಣೇಲಿ ಹತ್ತತ್ರ ಅರ್ಧ ಭಾಗ ಲಾರಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲ. ಇದ್ರಿಂದ ಹುಟ್ಟೋ ಎರಡು ವಸ್ತು ನನಗೆ ಬಹಳ ಇಷ್ಟ. ಒಂದು ಮೊನೋಲಾರಿನ್, ಲಾರಿಕ್ ಆಮ್ಲ ಮತ್ತು ಗ್ಲಿಸರಾಲ್ ಸೇರಿದ್ದು, ಚಾರ್ಜ್ ಇಲ್ಲ, ತಿನ್ನೋಕೂ ತೊಂದ್ರೆ ಇಲ್ಲ. ಸ್ಟ್ಯಾಫಿಲೋಕಾಕಸ್, ಲಿಸ್ಟೀರಿಯಾ ತರದ ಗ್ರಾಂ ಪಾಸಿಟಿವ್‌ಗಳ ಮೇಲೆ ಚೆನ್ನಾಗಿ ಕೆಲ್ಸ ಮಾಡುತ್ತೆ, ಇ.ಕೋಲಿ, ಸಾಲ್ಮೊನೆಲ್ಲಾಗೆ ಹೊರಗೆ ಇನ್ನೊಂದು ಪೊರೆ ಇರೋದ್ರಿಂದ ಅಲ್ಲಿ ಸೋಲುತ್ತೆ. ಹಂಗಂತ ಬರೀ ಕೊಬ್ಬರಿ ಎಣ್ಣೆ ಸವರಿದ್ರೆ ಇದೆಲ್ಲ ಆಗುತ್ತೆ ಅಂತಲ್ಲ. ಎಣ್ಣೇಲಿ ಅದು ಟ್ರೈಗ್ಲಿಸರೈಡ್ ರೂಪದಲ್ಲಿ ಕಟ್ಟಿಹಾಕಿಕೊಂಡಿರುತ್ತೆ.

ಇನ್ನೊಂದು ಲಾರಿಕ್ ಆರ್ಜಿನೇಟ್. ಲಾರಿಕ್ ಆಮ್ಲ, ಆರ್ಜಿನಿನ್ ಅನ್ನೋ ಅಮೈನೋ ಆಮ್ಲ, ಎಥನಾಲ್ ಮೂರರಿಂದ ಮಾಡಿದ್ದು. ಕ್ವಾಟ್ ತರಾನೇ ಪಾಸಿಟಿವ್ ಚಾರ್ಜ್, ಪೊರೆ ಒಡೆಯೋ ರೀತಿನೂ ಅದೇ, ಆದ್ರೆ ಹೊಟ್ಟೆಗೆ ಹೋದ್ರೆ ಒಡೆದು ಮತ್ತೆ ಲಾರಿಕ್ ಆಮ್ಲ, ಆರ್ಜಿನಿನ್ ಆಗ್ಬಿಡುತ್ತೆ. ಅಮೆರಿಕಾದಲ್ಲಿ 2005ರಿಂದ ಆಹಾರದಲ್ಲಿ 200 ಪಿಪಿಎಂವರೆಗೂ (ಅಂದ್ರೆ ಹತ್ತು ಲಕ್ಷ ಭಾಗದಲ್ಲಿ 200 ಭಾಗ) ಬಳಸ್ತಾರೆ, ಯುರೋಪಿನಲ್ಲಿ ಆಹಾರಕ್ಕೆ ಸೇರಿಸೋ ವಸ್ತುಗಳ ಪಟ್ಟೀಲಿ ಇದಕ್ಕೆ ಇ243 ಅನ್ನೋ ನಂಬರು. ಬೆಲೆ ಜಾಸ್ತಿ, ಕಹಿ ರುಚಿ, ನಮ್ಮ ಕಿರಾಣಿ ಅಂಗಡೀಲಿ ಸಿಗೋ ಮಾಲಲ್ಲ. ಆಹಾರದ ಉದ್ಯಮ ನಡೆಸೋರು ಮಾತ್ರ ಇದನ್ನ ಲೆಕ್ಕಕ್ಕೆ ತಗೊಳ್ಳಿ.

ಬಯೋಸರ್ಫ್ಯಾಕ್ಟೆಂಟ್: ಬ್ಯಾಕ್ಟೀರಿಯಾ ಮಾಡಿದ್ದು ಬ್ಯಾಕ್ಟೀರಿಯಾಗೇ

ಸೂಕ್ಷ್ಮಜೀವಿಗಳು ತಾವೇ ಸರ್ಫ್ಯಾಕ್ಟೆಂಟ್ ಮಾಡ್ತವೆ. ಸ್ಯೂಡೋಮೋನಾಸ್ ಮಾಡೋದು ರಾಮ್ನೋಲಿಪಿಡ್, 1949ರಿಂದ ಗೊತ್ತಿರೋದು. ಬ್ಯಾಸಿಲಸ್ ಸಬ್ಟಿಲಿಸ್ ಮಾಡೋದು ಸರ್ಫ್ಯಾಕ್ಟಿನ್, 1968ರಲ್ಲಿ ಜಪಾನಿನವರು ಹೆಸರಿಟ್ಟರು. ಒಂದು ಯೀಸ್ಟ್ ಮಾಡೋದು ಸೋಫೊರೋಲಿಪಿಡ್. ಇವುಗಳ ಮಜಾ ಏನಂದ್ರೆ ಕೊಲ್ಲೋದು ಎರಡನೇ ಮಾತು, ಅಂಟು ಬಿಡಿಸೋದೇ ಮೊದಲನೇದು. ಸ್ಯೂಡೋಮೋನಾಸ್ ತನ್ನ ಬಯೋಫಿಲ್ಮ್‌ನಿಂದ ಹೊರಡ್ಬೇಕಾದಾಗ ರಾಮ್ನೋಲಿಪಿಡ್ ಬಿಟ್ಟು ತಾನೇ ದಾರಿ ಮಾಡ್ಕೊಳ್ಳುತ್ತೆ, ನಾವು ಅದನ್ನ ಹೊರಗಿಂದ ಕೊಟ್ರೂ ಪದರ ಸಡಿಲ ಆಗುತ್ತೆ. 2001ರಲ್ಲಿ ಟೆಕ್ಸಾಸ್‌ನ ಒಂದು ಲ್ಯಾಬು ಮೂತ್ರದ ಕ್ಯಾಥೆಟರ್ ಒಳಗೆ ಮೊದಲೇ ಸರ್ಫ್ಯಾಕ್ಟಿನ್ ಹರಿಸಿಟ್ರೆ ಸಾಲ್ಮೊನೆಲ್ಲಾ ಬಯೋಫಿಲ್ಮ್ ಕಟ್ಟೋದು ತಗ್ಗುತ್ತೆ ಅಂತ ತೋರಿಸ್ತು.

ಇಲ್ಲೀವರೆಗೂ ಬೆಲೆ ಅಡ್ಡ ಬರ್ತಿತ್ತು. ಈಗ ಬದಲಾಗ್ತಾ ಇದೆ, 2019ರಲ್ಲಿ ಚಿಲಿ ದೇಶದಲ್ಲಿ ಯುನಿಲಿವರ್ ಒಂದು ಪಾತ್ರೆ ತೊಳೆಯೋ ಲಿಕ್ವಿಡ್‌ಗೆ ರಾಮ್ನೋಲಿಪಿಡ್ ಹಾಕ್ತು, 2024ರಲ್ಲಿ ಎವೋನಿಕ್ ಕಂಪನಿ ಸ್ಲೊವಾಕಿಯಾದಲ್ಲಿ ದೊಡ್ಡ ಕಾರ್ಖಾನೆನೇ ಶುರು ಮಾಡ್ತು. ಮಣ್ಣಲ್ಲಿ ಬೇಗ ಕರಗುತ್ತೆ, ಕೈಗೂ ಮೃದು. ಆದ್ರೆ ಇದನ್ನ ಡಿಸ್‌ಇನ್ಫೆಕ್ಟೆಂಟ್ ಅಂತ ತಗೊಳ್ಬೇಡಿ, ತೊಳೆಯೋ ವಸ್ತು ಅಂತ ತಗೊಳ್ಳಿ. ಲೇಬಲ್‌ನಲ್ಲಿ ಬಯೋ, ಎನ್ಜೈಮ್ ಅಂತೆಲ್ಲ ಬರೆದು ಎಲೆ ಚಿತ್ರ ಹಾಕಿದ ತಕ್ಷಣ ಒಳಗೆ ರಾಮ್ನೋಲಿಪಿಡ್ ಇದೆ ಅಂತಲ್ಲ, ಹೆಸರು ಬರೆದಿದ್ರೆ ಮಾತ್ರ ನಂಬಿ. ಮನೇಲಿ ತಯಾರಿಸೋ ಬಯೋ ಎನ್ಜೈಮ್, ಕಿತ್ತಳೆ ಸಿಪ್ಪೆ ಬೆಲ್ಲ ಹಾಕಿ ಮೂರು ತಿಂಗಳು ಇಡ್ತಾರಲ್ಲ, ಅದ್ರಲ್ಲಿ ಕೆಲ್ಸ ಮಾಡೋದು ಹೆಚ್ಚಾಗಿ ಹುಳಿ, ಸರ್ಫ್ಯಾಕ್ಟೆಂಟ್ ಅಲ್ಲ. ಟೈಲ್ಸ್ ಮೇಲಿನ ಬಿಳಿ ಕಲೆಗೆ ಸರಿ, ಅದಕ್ಕಿಂತ ಹೆಚ್ಚು ಭರವಸೆ ಇಡೋಕಾಗಲ್ಲ.

ಕೊಲ್ದೇ ಬರೀ ಅಂಟದ ಹಾಗೆ ಮಾಡೋದು

ದೋಸೆ ಹಂಚಿಗೆ ಹಿಟ್ಟು ಅಂಟ್ಬಾರ್ದು ಅಂತ ಮೊದಲೇ ಎಣ್ಣೆ ಸವರ್ತೀವಲ್ಲ, ಅದೇ ಉಪಾಯ. ಪೊಲಾಕ್ಸಮರ್ ಅನ್ನೋ ನಾನ್‌ಅಯಾನಿಕ್ ಸರ್ಫ್ಯಾಕ್ಟೆಂಟ್ ಪ್ಲಾಸ್ಟಿಕ್ ಮೇಲೆ ಹೋಗಿ ಕೂತು, ನೀರು ಹಿಡಿದಿಟ್ಕೊಂಡಿರೋ ಕೂದಲು ತರದ ಎಳೆಗಳನ್ನ ಹೊರಗೆ ಚಾಚುತ್ತೆ. ಪ್ರೋಟೀನ್ ಆಗ್ಲಿ ಬ್ಯಾಕ್ಟೀರಿಯಾ ಆಗ್ಲಿ ಹತ್ರ ಬಂದ್ರೂ ಕೂರೋಕೆ ಜಾಗ ಸಿಗಲ್ಲ. ಒಂದನ್ನೂ ಸಾಯ್ಸಲ್ಲ.

ಇದನ್ನ ದಿನಾ ಬಳಸ್ತಾ ಇರೋರು ಕಾಂಟ್ಯಾಕ್ಟ್ ಲೆನ್ಸ್ ಹಾಕೋರು. ಲೆನ್ಸ್ ಸೊಲ್ಯೂಷನ್ ಬಾಟಲಿ ಹಿಂದೆ ಓದಿ: ಕೊಲ್ಲೋಕೆ ಪಾಲಿಕ್ವಾಟರ್ನಿಯಂ-1 ಅಥವಾ ಪಿಎಚ್‌ಎಂಬಿ, ಅಂಟು ಬಿಡಿಸೋಕೆ ಪೊಲಾಕ್ಸಮರ್ ಅಥವಾ ಪೊಲಾಕ್ಸಮೈನ್. ಎರಡು ಕೆಲ್ಸಕ್ಕೆ ಎರಡು ವಸ್ತು, ಒಂದೇ ಬಾಟಲೀಲಿ, ಜಗಳ ಆಡ್ದೇ ಇರೋ ಹಂಗೆ ಚಾರ್ಜ್ ಇಲ್ಲದ್ದನ್ನ ಆರಿಸಿದ್ದಾರೆ ನೋಡಿ. ಹಂಗಿದ್ರೂ ಉಜ್ಜಿ ತೊಳೀರಿ ಅಂತ ಕಣ್ಣಿನ ಡಾಕ್ಟ್ರು ಹೇಳೋದು ಬಿಡಲ್ಲ. ಹಳೇ ಸೊಲ್ಯೂಷನ್ ಮೇಲೆ ಹೊಸದು ಸುರಿದು ಟಾಪ್ ಅಪ್ ಮಾಡೋರಿಗೂ, ಲೆನ್ಸನ್ನ ನಲ್ಲಿ ನೀರಲ್ಲಿ ತೊಳೆಯೋರಿಗೂ ಕಣ್ಣಿನ ಸೋಂಕಿನ ಅಪಾಯ ನಿಜವಾಗ್ಲೂ ಇದೆ.

ಇನ್ನೊಂದು ಜಾತಿ ಕೋಟಿಂಗು, ಸಿಲೇನ್ ಕ್ವಾಟ್. ಒಂದು ಕಡೆ ಗಾಜು, ಟೈಲ್ಸ್, ಹತ್ತಿ ಇವಕ್ಕೆ ರಾಸಾಯನಿಕವಾಗೇ ಹಿಡ್ಕೊಳ್ಳುತ್ತೆ, ಇನ್ನೊಂದು ಕಡೆ 18 ಕಾರ್ಬನ್ನಿನ ಬಾಲ. ವಾಸನೆ ಬರ್ದೇ ಇರೋ ಕಾಲುಚೀಲಕ್ಕೆಲ್ಲ 1970ರ ದಶಕದಿಂದ ಬಳಕೇಲಿದೆ, ಕೊರೊನಾ ಟೈಮಲ್ಲಿ 90 ದಿನ ರಕ್ಷಣೆ ಅಂತ ಆಫೀಸು, ಬಸ್ಸು, ಲಿಫ್ಟಿಗೆಲ್ಲ ಹೊಡೆದು ಬಿಲ್ ಮಾಡಿದ್ದೂ ಇಂಥದ್ದನ್ನೇ. ಕೋಟಿಂಗ್ ಹೊಸದಾಗಿದ್ದಾಗ ಕೊಲ್ಲೋದು ಸುಳ್ಳಲ್ಲ. ಆದ್ರೆ ಪಾಸಿಟಿವ್ ಮೇಲ್ಮೈ ಅಂದ್ರೆ ಬ್ಯಾಕ್ಟೀರಿಯಾನ ಕೈಬೀಸಿ ಕರೆಯೋ ಮೇಲ್ಮೈ, ಬಂದದ್ದು ಸತ್ತು ಅಲ್ಲೇ ಬೀಳುತ್ತೆ, ಹೆಣದ ಮೇಲೆ ಧೂಳು, ಬೆವರು, ಎಣ್ಣೆ ಕೂತು ಚಾರ್ಜ್ ಮುಚ್ಚೋಗುತ್ತೆ, ಮುಂದೆ ಬರೋದು ಆ ಹೆಣಗಳ ಮೇಲೆ ಹಾಯಾಗಿ ಕೂರುತ್ತೆ. ದಿನಾ ಒರೆಸೋ ಜಾಗಕ್ಕೆ ಇದ್ರ ಅಗತ್ಯ ಇಲ್ಲ, ಒರೆಸದೇ ಇರೋ ಜಾಗದಲ್ಲಿ ಇದು ಬಾಳಲ್ಲ. ನನ್ನ ಕೇಳಿದ್ರೆ ಮನೆಗೆ ಬೇಡ.

ಸರಿ, ಎಲ್ಲಿಗೆ ಯಾವುದು

ಕೈಗೆ: ಸಾದಾ ಸೋಪು. 2016ರಲ್ಲಿ ಅಮೆರಿಕಾದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟ್ರೈಕ್ಲೋಸಾನ್ ಸೇರಿ 19 ಕ್ರಿಮಿನಾಶಕ ವಸ್ತುಗಳನ್ನ ಆಂಟಿಬ್ಯಾಕ್ಟೀರಿಯಲ್ ಸೋಪಿನಿಂದ ತೆಗೆಸ್ತು, ಸಾದಾ ಸೋಪಿಗಿಂತ ಜಾಸ್ತಿ ಉಪಯೋಗ ಇದೆ ಅಂತ ಕಂಪನಿಗಳು ತೋರಿಸ್ಲಿಲ್ಲ ಅಂತಾನೇ. ಮೈಸೂರು ಸ್ಯಾಂಡಲ್ ಆಗ್ಲಿ ಇನ್ನೊಂದಾಗ್ಲಿ, 20 ಸೆಕೆಂಡು ಉಜ್ಜಿದ್ರೆ ಸಾಕು.

ಅಡುಗೆಮನೇಲಿ ಎರಡು ಹೆಜ್ಜೆ. ಪಾತ್ರೆ ಲಿಕ್ವಿಡ್ ಹಾಕಿ ಉಜ್ಜಿ, ಪೂರ್ತಿ ತೊಳೆದು, ಮೀನು ಕೋಳಿ ಕತ್ತರಿಸಿದ ಮಣೆಗೆ ಮಾತ್ರ ಆಮೇಲೆ ಕುದಿಯೋ ನೀರು ಅಥವಾ ಕ್ವಾಟ್. ಹೋಟೆಲ್‌ಗಳಲ್ಲಿ ಆಹಾರ ತಾಗೋ ಮೇಲ್ಮೈಗೆ ಸಾಮಾನ್ಯವಾಗಿ 200 ಪಿಪಿಎಂ ಕ್ವಾಟ್ ಬಳಸ್ತಾರೆ, ಅಂದ್ರೆ 10% ದ್ರಾವಣ ಇದ್ರೆ ಲೀಟರ್ ನೀರಿಗೆ 2 ಎಂಎಲ್, ಬಿಕೆಸಿ 50% ಇದ್ರೆ ಬರೀ 0.4 ಎಂಎಲ್. ಕಣ್ಣಂದಾಜಿಗೆ ಸುರೀಬೇಡಿ, ಸಿರಿಂಜ್ ತಗೊಳ್ಳಿ, ಗ್ಲೌಸ್ ಹಾಕ್ಕೊಳ್ಳಿ. ಗಟ್ಟಿ ಬಿಕೆಸಿ ಕಣ್ಣಿಗೆ ಬಿದ್ರೆ ಸುಟ್ಟ ಗಾಯಾನೇ ಆಗುತ್ತೆ.

ಮಗು ಹಾಲಿನ ಬಾಟಲಿ, ಕುಡಿಯೋ ನೀರಿನ ಬಾಟಲಿಗೆ ಕ್ವಾಟ್ ಬೇಡವೇ ಬೇಡ. ಬ್ರಶ್ ಹಾಕಿ ಸೋಪಲ್ಲಿ ತಿಕ್ಕಿ, ತೊಳೆದು, ಹಾಲಿನ ಬಾಟಲಿ ಆದ್ರೆ ಕುದಿಸಿ. ಸಂಪು, ಟ್ಯಾಂಕಿಗೂ ಅಷ್ಟೇ, ಯಾವ ಸರ್ಫ್ಯಾಕ್ಟೆಂಟೂ ಬೇಡ, ಗೋಡೆ ಲೋಳೆನ ಗಟ್ಟಿ ಬ್ರಶ್ಶಲ್ಲಿ ತಿಕ್ಕಿ ತೆಗೆಸಿ, ಆಮೇಲೆ ಬ್ಲೀಚಿಂಗ್ ಪೌಡರ್. ಬಚ್ಚಲ ಗುಲಾಬಿ ಲೋಳೆಗೂ ತಿಕ್ಕಿ ಬ್ಲೀಚೇ, ಸೆರೇಷಿಯಾ ಕ್ವಾಟಿಗೆ ಬಗ್ಗಲ್ಲ ಅಂತ ಆಗ್ಲೇ ಹೇಳಿದೆ. ಬ್ಲೀಚ್ ಜೊತೆ ಟಾಯ್ಲೆಟ್ ಆಸಿಡ್ ಮಾತ್ರ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ. ಮನೇಲಿ ಯಾರಿಗಾದ್ರೂ ವಾಂತಿ ಭೇದಿ ಆಗಿ ನೆಲ ಒರೆಸ್ಬೇಕಾದ್ರೂ ಬ್ಲೀಚೇ ಸರಿ.

ನೆಲಕ್ಕೆ ದಿನಾ ಕೊಲ್ಲೋ ಅಗತ್ಯ ಇಲ್ಲ, ಸಾದಾ ಡಿಟರ್ಜೆಂಟ್ ನೀರು ಸಾಕು. ತೆವಳೋ ಮಗು ಇದ್ರೆ, ಕಾಯಿಲೆ ಇರೋರು ಇದ್ರೆ ವಾರಕ್ಕೊಂದೆರಡು ಸಲ ಕ್ವಾಟ್, ಅದೂ ಡಿಟರ್ಜೆಂಟ್ ಇಲ್ದೇ. ಅಸ್ತಮಾ ಇರೋರು ಸ್ಪ್ರೇ ಮಾಡ್ಬೇಡಿ, ಬಟ್ಟೇಲಿ ಒರೆಸಿ.

ಹಸು ಕಟ್ಟಿರೋರಿಗೆ, ಡೇರಿಗೆ ಹಾಲು ಹಾಕೋರಿಗೆ ಸ್ವಲ್ಪ ವಿವರವಾಗಿ ಹೇಳ್ಬೇಕು. ಹಾಲಿನ ಕ್ಯಾನು, ಮಿಲ್ಕಿಂಗ್ ಮಷೀನಿನ ರಬ್ಬರ್ ಪೈಪು ಬಯೋಫಿಲ್ಮಿಗೆ ಹೇಳಿ ಮಾಡಿಸಿದ ಜಾಗ. ಕರೆದ ತಕ್ಷಣ ಉಗುರುಬೆಚ್ಚಗಿನ ನೀರಲ್ಲಿ ಜಾಲಿಸಿ, ಮೊದಲೇ ಕುದಿಯೋ ನೀರು ಹಾಕಿದ್ರೆ ಪ್ರೋಟೀನ್ ಬೆಂದು ಗೋಡೆಗೆ ಹಿಡ್ಕೊಳ್ಳುತ್ತೆ. ಆಮೇಲೆ ಬಿಸಿ ನೀರಲ್ಲಿ ವಾಷಿಂಗ್ ಸೋಡಾ ಅಥವಾ ಡೇರಿ ಡಿಟರ್ಜೆಂಟ್, ಬ್ರಶ್ಶು. ಬೋರ್ ನೀರಾದ್ರೆ ವಾರಕ್ಕೊಮ್ಮೆ ಆಸಿಡ್ ಕ್ಲೀನರ್, ಇಲ್ಲಾಂದ್ರೆ ಮಿಲ್ಕ್ ಸ್ಟೋನ್ ಅಂತ ಬಿಳಿ ಗಟ್ಟಿ ಪದರ ಕೂತು ಅದ್ರ ಕೆಳಗೆ ಬ್ಯಾಕ್ಟೀರಿಯಾ ಬೆಚ್ಚಗಿರುತ್ತೆ. ಕೊನೆಗೆ ಕೊಲ್ಲೋ ಹೆಜ್ಜೆಗೆ ಕ್ವಾಟ್ ಬದ್ಲು ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಅಥವಾ ಪೆರಾಸಿಟಿಕ್ ಆಮ್ಲ ಆರಿಸಿ, ಯಾಕಂದ್ರೆ ಕ್ವಾಟ್ ಸ್ಟೀಲಿಗೆ, ರಬ್ಬರಿಗೆ ಅಂಟಿ ಉಳಿಯುತ್ತೆ, ತೊಳೆದ್ರೂ ಸ್ವಲ್ಪ ಹಾಲಿಗೆ ಬರುತ್ತೆ. ಆ ಸ್ವಲ್ಪಕ್ಕೇ ಹೆಪ್ಪಿನ ಬ್ಯಾಕ್ಟೀರಿಯಾ ಸೊರಗಿ ಮೊಸರು, ಚೀಸು ಸರಿಯಾಗಿ ಕೂರಲ್ಲ. ಯುರೋಪಿನವರು 2014ರಲ್ಲಿ ಆಹಾರದಲ್ಲಿ ಬೆಂಜಾಲ್ಕೋನಿಯಂ, ಡಿಡಿಎಸಿ ಎರಡಕ್ಕೂ ಕಿಲೋಗೆ 0.1 ಮಿಲಿಗ್ರಾಂ ಅಂತ ಮಿತಿ ಹಾಕಿದ್ರು. ಕೊಟ್ಟಿಗೆ ನೆಲ, ಬಾಗಿಲಲ್ಲಿ ಕಾಲು ಅದ್ದೋ ತೊಟ್ಟಿಗೆ ಕ್ವಾಟ್ ಹಾಕ್ಬಹುದು, ಆದ್ರೆ ಸಗಣಿ ಮೆತ್ತಿದ ಬೂಟು ಹಂಗೇ ಅದ್ದಿದ್ರೆ ತೊಟ್ಟಿ ಔಷಧಿಯೆಲ್ಲ ಸಗಣಿಗೇ ಹೋಗುತ್ತೆ, ಪಕ್ಕದಲ್ಲಿ ಒಂದು ಬಕೆಟ್ ನೀರು, ಬ್ರಶ್ಶು ಇಟ್ಟು ಮೊದಲು ತೊಳೆದು ಆಮೇಲೆ ಅದ್ದೋಕೆ ಹೇಳಿ, ತೊಟ್ಟಿ ನೀರು ಕೊಳೆ ಆದ ದಿನಾನೇ ಬದಲಾಯ್ಸಿ.